ಅಲ್ಲೇ ಉಂಟು, ಕಾಣುದಿಲ್ಲ ಅಷ್ಟೆ!

ವಾರವಿಡೀ ನಿಮ್ಮ ಕಿವಿಯೊಂದಿಗೆ ಮಾತಾಡುವ ನಾನು ಈ ಪುಟದಲ್ಲಿ ನಿಮ್ಮ ಕಣ್ಣಿನೊಂದಿಗೆ ಮಾತಾಡಲು ಬಂದಿದ್ದೇನೆ. ಈ ಸಲ ಹಾಡಿನ ಸುದ್ದಿ ಇಲ್ಲ, ಸಿನಿಮಾದ ಸುದ್ದಿಯೂ ಇಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಫೋಲ್ಡರನ್ನು ಅಡಗಿಸಿಡುತ್ತಿದ್ದ ಒಂದು ವಿದ್ಯೆಯ ಚರಿತ್ರೆ ಹೇಳುತ್ತೇನೆ. "ಅಯ್ಯೋ, ಕಂಪ್ಯೂಟರ್ ಪಾಠವೇ?" ಎಂದು ಪುಟ ಮಗುಚಬೇಡಿ. ಇದರಲ್ಲಿ ನಮ್ಮ ಗೋರೆಗಾಂವ್ ಇದೆ, ನನ್ನ ಸೋದರಮಾವ ಇದ್ದಾರೆ, ಅಜ್ಜ ಇದ್ದಾರೆ, ಅಚ್ಚಾಗದೆ ಉಳಿದ ಕನ್ನಡ ಬರಹದ ಒಂದು ಗಂಟೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ರೇಡಿಯೋದವಳು. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಮೈಕಿನ ಮುಂದೆ ಓದಿ ಹೇಳುವ ಹಾಗೆಯೇ ಇಲ್ಲಿ ಬರೆದಿದ್ದೇನೆ. ನೀವು ಪ್ರಯೋಗ ಮಾಡುವುದಾದರೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಎಸ್.ವಿ. ರೋಡಿನ ಒಳಗಲ್ಲಿ

1997ರ ಮಾತು. ನನಗಾಗ ಒಂಬತ್ತು ವರ್ಷ. ಗೋರೆಗಾಂವ್ ಪಶ್ಚಿಮದಲ್ಲಿ ಎಸ್.ವಿ. ರೋಡಿನಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಮಾವನ ಡಿ.ಟಿ.ಪಿ. ಕೋಣೆ ಇತ್ತು. ಮೂರು ಜನ ನಿಂತರೆ ನಾಲ್ಕನೆಯವರು ಹೊರಗೆ ಚಪ್ಪಲಿಯ ಪಕ್ಕ ನಿಲ್ಲಬೇಕು, ಅಷ್ಟು ಚಿಕ್ಕದು. ಮದುವೆಯ ಕರೆಯೋಲೆ, ಸತ್ಯನಾರಾಯಣ ಪೂಜೆಯ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸಂಘಗಳ ಸ್ಮರಣ ಸಂಚಿಕೆ, ಹೀಗೆ ಕನ್ನಡದಲ್ಲಿ ಏನು ಅಚ್ಚಾಗಬೇಕಿದ್ದರೂ ಸುತ್ತಲಿನ ನಮ್ಮವರು ಅಲ್ಲಿಗೆ ಬರುತ್ತಿದ್ದರು.

ಮಾವನ ಕಂಪ್ಯೂಟರ್ ಒಂದು 486. ಹಾರ್ಡ್ ಡಿಸ್ಕ್ 540 ಎಂ.ಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಮದುವೆಯ ವೀಡಿಯೋಗೂ ಅದು ಸಾಲದು! ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಲೋಕಲಿನ ಲಗೇಜ್ ಡಬ್ಬದಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದ ಯಂತ್ರ ಅದು. ಸ್ವಿಚ್ ಹಾಕಿದರೆ ಮೊದಲು ಕರಿ ಪರದೆ ಬರುತ್ತಿತ್ತು. ಅದರ ಮೇಲೆ 'ಸಿ' ಅಕ್ಷರ, ಪಕ್ಕದಲ್ಲಿ ಮಿಣಮಿಣ ಎನ್ನುವ ಒಂದು ಗೀಟು. ಅದು ಡಾಸ್. ಅಲ್ಲಿ 'ವಿನ್' ಎಂದು ಹೊಡೆದರೆ ಮಾತ್ರ ವಿಂಡೋಸ್ ತೆರೆಯುತ್ತಿತ್ತು.

ಭಾನುವಾರ ನಾನು ಅಲ್ಲಿ ಹಾಜರ್. ಒಂದು ಭಾನುವಾರ ಆಟ ಆಡುವ ಭರದಲ್ಲಿ ಯಾರದೋ ಮದುವೆಯ ಕರೆಯೋಲೆ ಇದ್ದ ಫೈಲುಗಳನ್ನು ಅಳಿಸಿಬಿಟ್ಟೆ. ಮಾವ ಬೈಯಲಿಲ್ಲ. ರಾತ್ರಿ ಕೂತು ಪುನಃ ಟೈಪ್ ಮಾಡಿದರಂತೆ. ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಕೆಲಸದ ಫೋಲ್ಡರುಗಳೇ ಇಲ್ಲ! ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನಿಂದಾಗಿ ಎಲ್ಲ ಹೋಯಿತು ಅಂದುಕೊಂಡು ಅಳು ಬರುವಂತಾಯಿತು. ಆಗ ಮಾವ ನಗುತ್ತಾ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಎಂತ ಮಾರಾಯ್ತಿ, ಅದು ಅಲ್ಲೇ ಉಂಟು. ನಿನಗೆ ಕಾಣುದಿಲ್ಲ ಅಷ್ಟೆ."

ಆಮೇಲೆ ನನ್ನನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿ ತೋರಿಸಿದರು. 'ಎಂ ಡಿ ಸಂಚಿಕೆ' ಎಂದು ಹೊಡೆದು ಎಂಟರ್ ಒತ್ತಿದರೆ ಸಂಚಿಕೆ ಎಂಬ ಹೊಸ ಫೋಲ್ಡರ್ ಹುಟ್ಟುತ್ತದೆ. ಡಾಸ್‌ನಲ್ಲಿ ಹೆಸರಿಗೆ ಎಂಟೇ ಅಕ್ಷರ. ಇಂಗ್ಲಿಷಿನಲ್ಲಿ 'ಸಂಚಿಕೆ' ಬರೆದರೆ ಸರಿಯಾಗಿ ಎಂಟು! 'ಡಿರ್' ಎಂದು ಹೊಡೆದರೆ ಪಟ್ಟಿಯಲ್ಲಿ ಅದು ಕಾಣುತ್ತದೆ. ಈಗ 'ಅಟ್ರಿಬ್ ಪ್ಲಸ್ ಎಚ್ ಸಂಚಿಕೆ' ಎಂದು ಹೊಡೆಯಿರಿ. ಮತ್ತೆ 'ಡಿರ್' ಕೊಟ್ಟರೆ ಫೋಲ್ಡರ್ ಮಾಯ. 'ಅಟ್ರಿಬ್ ಮೈನಸ್ ಎಚ್ ಸಂಚಿಕೆ' ಎಂದರೆ ಪುನಃ ಪ್ರತ್ಯಕ್ಷ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಂತ್ರ ಸಿಕ್ಕಿದಷ್ಟು ಖುಷಿ ನನಗೆ.

ಹಾಜರಿ ಪುಸ್ತಕದ ಗುಟ್ಟು

ಹಾಗಾದರೆ ಫೋಲ್ಡರ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ.

ಡಿಸ್ಕಿನಲ್ಲಿರುವ ಫೈಲುಗಳಿಗೆಲ್ಲ ಒಂದು ಪಟ್ಟಿ ಇರುತ್ತದೆ. ಶಾಲೆಯ ಹಾಜರಿ ಪುಸ್ತಕ ಎಂದುಕೊಳ್ಳಿ. ಡಾಸ್ ಕಾಲದ ಈ ಪುಸ್ತಕದಲ್ಲಿ ಒಂದೊಂದು ಹೆಸರಿಗೂ 32 ಬೈಟುಗಳ ಒಂದು ಸಾಲು. ಮೊದಲ ಎಂಟು ಬೈಟು ಹೆಸರಿಗೆ, ಮುಂದಿನ ಮೂರು ಹೆಸರಿನ ಬಾಲಕ್ಕೆ, ಹನ್ನೆರಡನೆಯ ಬೈಟು ಗುಣಲಕ್ಷಣಕ್ಕೆ. ಈ ಒಂದೇ ಬೈಟಿನಲ್ಲಿ ಸಣ್ಣ ಸಣ್ಣ ಗುರುತುಗಳಿವೆ. ಬದಲಿಸಬಾರದ ಫೈಲಿಗೆ 1, ಅಡಗಿದ್ದಕ್ಕೆ 2, ವ್ಯವಸ್ಥೆಗೆ ಸೇರಿದ್ದಕ್ಕೆ 4, ಡಿಸ್ಕಿನ ಹೆಸರಿಗೆ 8, ಫೋಲ್ಡರಿಗೆ 16, ಬ್ಯಾಕಪ್ ಮಾಡಬೇಕಾದದ್ದಕ್ಕೆ 32. ಎಷ್ಟು ಗುರುತುಗಳಿವೆಯೋ ಅವನ್ನು ಕೂಡಿಸಿ ಬರೆಯುವುದು. ಮಾಮೂಲು ಫೋಲ್ಡರ್ ಎಂದರೆ 16. ಅಡಗಿದ ಫೋಲ್ಡರ್ ಎಂದರೆ 16ಕ್ಕೆ 2 ಸೇರಿ 18. 'ಅಟ್ರಿಬ್ ಪ್ಲಸ್ ಎಚ್' ಮಾಡುವುದು ಇಷ್ಟೇ, 16ನ್ನು 18 ಮಾಡುವುದು!

ಮೇಷ್ಟ್ರು ಹಾಜರಿ ಕರೆಯುವಾಗ ಆ ಹೆಸರನ್ನು ಹಾರಿಸಿ ಓದುತ್ತಾರೆ. ಹುಡುಗ ಮಾತ್ರ ಬೆಂಚಿನ ಮೇಲೆಯೇ ಕೂತಿದ್ದಾನೆ. ಹೆಸರು ಗೊತ್ತಿದ್ದವರು 'ಸಿ ಡಿ ಸಂಚಿಕೆ' ಎಂದು ಹೊಡೆದರೆ ನೇರ ಒಳಗೆ ಹೋಗಬಹುದು. ಬೀಗ ಇಲ್ಲ, ಪಾಸ್‌ವರ್ಡ್ ಇಲ್ಲ. ಅಡಗಿಸುವುದೇ ಬೇರೆ, ಬೀಗ ಹಾಕುವುದೇ ಬೇರೆ. ಈ ವ್ಯತ್ಯಾಸ ತಿಳಿಯದೆ "ನನ್ನ ಗುಟ್ಟು ಭದ್ರ" ಎಂದು ನಂಬಿದವರು ಆ ಕಾಲದಲ್ಲಿ ಬಹಳ ಮಂದಿ.

ಯಾರಿಂದ ಅಡಗಿಸಲು?

ಈ ಗುರುತು ಹುಟ್ಟಿದ್ದು ಕಳ್ಳರಿಗೆ ಹೆದರಿ ಅಲ್ಲ. ಒಡೆಯನ ಕೈಯಿಂದಲೇ ವಸ್ತುವನ್ನು ಕಾಪಾಡಲು.

1981ರ ಆಗಸ್ಟ್ 12ರಂದು ಐ.ಬಿ.ಎಂ. ಕಂಪನಿ ತನ್ನ ಪಿ.ಸಿ.ಯನ್ನು ಹೊರತಂದಿತು. ಅದಕ್ಕೆ ಜೀವ ಕೊಟ್ಟದ್ದು ಸಿಯಾಟಲ್ಲಿನ ಟಿಮ್ ಪ್ಯಾಟರ್ಸನ್ ಬರೆದ 86-ಡಾಸ್. ಮೈಕ್ರೋಸಾಫ್ಟ್ ಅದನ್ನು ಕೊಂಡು ತಿದ್ದಿ ಐ.ಬಿ.ಎಂ.ಗೆ ಕೊಟ್ಟಿತ್ತು. ಯಂತ್ರ ಏಳಬೇಕಾದರೆ ಫ್ಲಾಪಿಯಲ್ಲಿ ಎರಡು ಫೈಲುಗಳು ಇರಲೇಬೇಕು, ಅದೂ ನಿಗದಿಯಾದ ಜಾಗದಲ್ಲೇ. ಯಾರಾದರೂ "ಇದೇನಪ್ಪಾ ಕಸ" ಎಂದು ಅಳಿಸಿದರೆ ಮರುದಿನ ಯಂತ್ರ ಏಳುವುದಿಲ್ಲ. ಅದಕ್ಕಾಗಿ ಆ ಎರಡನ್ನೂ ಪಟ್ಟಿಯಿಂದ ಮರೆಮಾಡಿದರು. ಮನೆಯಲ್ಲಿ ಔಷಧಿಯ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲೆ ಇಡುವುದಿಲ್ಲವೇ, ಹಾಗೆ. ಅದಕ್ಕೂ ಮುಂಚಿನ ಸಿ.ಪಿ.ಎಂ. ಎಂಬ ವ್ಯವಸ್ಥೆಯಲ್ಲಿಯೂ ಫೈಲನ್ನು ಪಟ್ಟಿಯಲ್ಲಿ ತೋರಿಸದಿರುವ ಇಂಥ ಗುರುತು ಬಂದಿತ್ತು.

ಮೊದಲ ಡಾಸ್‌ನಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ. 1983ರಲ್ಲಿ ಹಾರ್ಡ್ ಡಿಸ್ಕ್ ಇರುವ ಪಿ.ಸಿ. ಎಕ್ಸ್.ಟಿ. ಬಂತು. ಡಿಸ್ಕಿನ ಗಾತ್ರ 10 ಎಂ.ಬಿ. ಅಷ್ಟು 'ದೊಡ್ಡ' ಜಾಗದಲ್ಲಿ ಫೈಲು ಹುಡುಕುವುದು ಕಷ್ಟವೆಂದು ಡಾಸ್ 2.0ರಲ್ಲಿ ಫೋಲ್ಡರುಗಳು ಬಂದವು. 1984ರ ಡಾಸ್ 3.0ರಲ್ಲಿ 'ಅಟ್ರಿಬ್' ಆಜ್ಞೆ ಬಂತು. ಆದರೆ ಆಗ ಅದಕ್ಕೆ ಅಡಗಿಸುವ ಅಧಿಕಾರ ಇರಲಿಲ್ಲ, ಫೈಲನ್ನು ಬದಲಿಸದಂತೆ ತಡೆಯುವುದಷ್ಟೇ ಗೊತ್ತಿತ್ತು. ಅಡಗಿಸಬೇಕೆನ್ನುವವರು ನಾರ್ಟನ್ ಯುಟಿಲಿಟೀಸ್, ಪಿ.ಸಿ. ಟೂಲ್ಸ್ ಮುಂತಾದ ಬೇರೆ ಸಾಧನಗಳನ್ನು ಹುಡುಕಬೇಕಿತ್ತು. 1991ರಲ್ಲಿ ಬಂದ ಡಾಸ್ 5.0 'ಪ್ಲಸ್ ಎಚ್' ಅನ್ನು ಎಲ್ಲರ ಕೈಗೆ ಕೊಟ್ಟಿತು. ಅದೇ ಆವೃತ್ತಿಯಲ್ಲಿ 'ಡಿರ್ ಸ್ಲ್ಯಾಶ್ ಎ ಎಚ್' ಎಂದರೆ ಅಡಗಿದ್ದೆಲ್ಲ ಕಾಣುವ ಸೌಲಭ್ಯವೂ ಬಂತು. ಅಡಗಿಸುವ ಮಂತ್ರ, ಬಯಲು ಮಾಡುವ ಮಂತ್ರ ಎರಡೂ ಒಂದೇ ಪೊಟ್ಟಣದಲ್ಲಿ!

ಯೂನಿಕ್ಸ್ ಎಂಬ ಇನ್ನೊಂದು ಮನೆತನದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಅಲ್ಲಿ ಹೆಸರಿನ ಮೊದಲು ಒಂದು ಚುಕ್ಕೆ ಇಟ್ಟರೆ ಸಾಕು, ಫೈಲು ಪಟ್ಟಿಯಲ್ಲಿ ಕಾಣುವುದಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ದುಡಿದ ರಾಬ್ ಪೈಕ್ 2012ರಲ್ಲಿ ಇದರ ಹಿನ್ನೆಲೆ ಬರೆದರು. ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕೆಯ ಮತ್ತು ಎರಡು ಚುಕ್ಕೆಯ ಎರಡು ಹೆಸರುಗಳು ತಾವಾಗಿ ಇರುತ್ತವೆ. ಅವು ಪಟ್ಟಿಯಲ್ಲಿ ಬರಬಾರದೆಂದು ಆ ಕಾಲದ ಪ್ರೋಗ್ರಾಮಿನಲ್ಲಿ 'ಮೊದಲ ಅಕ್ಷರ ಚುಕ್ಕೆಯೇ? ಬಿಟ್ಟುಬಿಡು' ಎಂದು ಚುಟುಕಾಗಿ ಬರೆದರು. ಆ ಅವಸರದಿಂದ ಚುಕ್ಕೆಯಲ್ಲಿ ಶುರುವಾಗುವ ಹೆಸರುಗಳೆಲ್ಲ ಮರೆಯಾದವು. ಯಾರೂ ಯೋಚಿಸಿ ಮಾಡಿದ್ದಲ್ಲ. ಆದರೆ ಲಿನಕ್ಸ್, ಮ್ಯಾಕ್ ಯಂತ್ರಗಳಲ್ಲಿ ಇವತ್ತಿಗೂ ಅದೇ ಪದ್ಧತಿ ನಡೆದಿದೆ.

255ರ ಚಮತ್ಕಾರ, ಪೆನ್ ಡ್ರೈವಿನ ಪೀಡೆ

ಡಾಸ್ ಕಾಲದ ಕಂಪ್ಯೂಟರ್ ಕ್ಲಾಸುಗಳಲ್ಲಿ ಪಠ್ಯದಲ್ಲಿಲ್ಲದ ಒಂದು ವಿದ್ಯೆ ಬಾಯಿಂದ ಬಾಯಿಗೆ ಹಬ್ಬಿತ್ತು. ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಬಲಗಡೆಯ ಅಂಕೆಗಳಲ್ಲಿ 255 ಹೊಡೆಯುವುದು. ಆಗ ಪರದೆಯ ಮೇಲೆ ಖಾಲಿ ಜಾಗದಂತೆ ಕಾಣುವ ಒಂದು ಅಕ್ಷರ ಬರುತ್ತದೆ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಖಾಲಿ ಜಾಗ ಅಲ್ಲ, 255ನೆಯ ಅಕ್ಷರ. ಫೋಲ್ಡರಿನ ಹೆಸರಿನ ಕೊನೆಗೆ ಅದನ್ನು ಅಂಟಿಸಿದರೆ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಕಂಡಂತೆ ಹೊಡೆದರೆ "ಅಂಥದ್ದು ಇಲ್ಲ" ಎನ್ನುತ್ತದೆ ಯಂತ್ರ! ಅಟ್ರಿಬ್ ವಿದ್ಯೆಯಲ್ಲಿ ವಸ್ತು ಕಾಣುವುದಿಲ್ಲ, ಹೆಸರು ಹಿಡಿದು ಹೋಗಬಹುದು. ಇಲ್ಲಿ ವಸ್ತು ಕಾಣುತ್ತದೆ, ಹೆಸರು ಹಿಡಿಯಲು ಬರುವುದಿಲ್ಲ.

ಮುಂದೆ ನಾನು ಕನ್ನಡ ಬಿ.ಎ. ಓದುವ ಹೊತ್ತಿಗೆ, ಅಂದರೆ 2008ರ ಸುಮಾರಿಗೆ, ಈ ಹಳೆಯ ವಿದ್ಯೆ ಪುಂಡರ ಕೈಗೆ ಹೋಗಿತ್ತು. ಸೈಬರ್ ಕೆಫೆಯಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಸಾಕು, ಒಂದು ವೈರಸ್ ಒಳಗೆ ಹೊಕ್ಕು ನಮ್ಮ ಫೋಲ್ಡರುಗಳಿಗೆಲ್ಲ 'ಅಡಗಿದ', 'ವ್ಯವಸ್ಥೆಯ' ಎಂಬ ಗುರುತು ಹಾಕುತ್ತಿತ್ತು. ಆ ಜಾಗದಲ್ಲಿ ಅದೇ ಹೆಸರಿನ, ಫೋಲ್ಡರಿನ ಚಿತ್ರವನ್ನೇ ಹೊತ್ತ ತನ್ನ ಪ್ರತಿಯನ್ನು ಕೂರಿಸುತ್ತಿತ್ತು. ನಾವು ಫೋಲ್ಡರೆಂದು ಒತ್ತಿದರೆ ವೈರಸ್ಸೇ ಏಳುವುದು. ಪರೀಕ್ಷೆಯ ಹಿಂದಿನ ದಿನ ನನ್ನ ನೋಟ್ಸ್ ಹೀಗೆ ಮಾಯವಾದಾಗ ಗೋರೆಗಾಂವ್ ಸ್ಟೇಷನ್ ಬಳಿಯ ಕೆಫೆಯ ಹುಡುಗ ಕರಿ ಪರದೆ ತೆರೆದು 'ಅಟ್ರಿಬ್ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ' ಎಂದು ಒಂದೇ ಉಸಿರಿಗೆ ಹೊಡೆದ. ಮೂರು ಗುರುತುಗಳನ್ನು ತೆಗೆ, ಒಳಗಿನ ಎಲ್ಲ ಫೈಲುಗಳಿಗೂ ತೆಗೆ, ಫೋಲ್ಡರುಗಳಿಗೂ ತೆಗೆ ಎಂದು ಅದರ ಅರ್ಥ. ಎಲ್ಲ ವಾಪಸು ಬಂತು. ಹತ್ತು ರೂಪಾಯಿ ತೆಗೆದುಕೊಂಡು ಅವನಂದ: "ದೀದೀ, ಕುಛ್ ನಹೀಂ ಗಯಾ, ಸಬ್ ಇಧರ್ ಹೀ ಹೈ." ಮಾವನ ಮಾತೇ, ಭಾಷೆ ಮಾತ್ರ ಬೇರೆ!

ಮಾವನ ಪೆಟ್ಟಿಗೆ

ಮಾವ ತೀರಿಕೊಂಡದ್ದು 2019ರಲ್ಲಿ. ಡಿ.ಟಿ.ಪಿ. ಕೋಣೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. 486ರ ಪೆಟ್ಟಿಗೆ ಅಮ್ಮನ ಮನೆಯ ಮಾಳಿಗೆಯಲ್ಲಿ ಹಳೆಯ ಕ್ಯಾಲೆಂಡರುಗಳ ಕೆಳಗೆ ಇತ್ತು. ಭಂಗಾರದವನಿಗೆ ಹಾಕುವ ಮೊದಲು ಒಮ್ಮೆ ನೋಡೋಣವೆಂದು ಹಾರ್ಡ್ ಡಿಸ್ಕ್ ಬಿಚ್ಚಿಸಿದೆ. ಹಳೆಯ ಡಿಸ್ಕನ್ನು ಯು.ಎಸ್.ಬಿ.ಗೆ ಜೋಡಿಸುವ ಸಣ್ಣ ಸಾಧನ ಲ್ಯಾಮಿಂಗ್ಟನ್ ರೋಡಿನಲ್ಲೇ ಸಿಕ್ಕಿತು. ಡಿಸ್ಕ್ ಮೊದಲು ಕಿರ್ರೆಂದಿತು, ಆಮೇಲೆ ತಿರುಗತೊಡಗಿತು.

ಕಾಣುವ ಫೈಲುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಲೆಕ್ಕ ಹೊಂದಲಿಲ್ಲ. ಕಂಡದ್ದನ್ನೆಲ್ಲ ಕೂಡಿಸಿದರೆ ಸುಮಾರು 300 ಎಂ.ಬಿ., ಡಿಸ್ಕ್ ಮಾತ್ರ 340 ಖರ್ಚಾಗಿದೆ ಎನ್ನುತ್ತಿದೆ. ಕರಿ ಪರದೆ ತೆರೆದು 'ಡಿರ್ ಸ್ಲ್ಯಾಶ್ ಎ ಎಚ್' ಹೊಡೆದೆ. ಸಂಚಿಕೆ! ಎಂಟು ಅಕ್ಷರ. ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನೆದುರು ಅಡಗಿಸಿದ ಅದೇ ಫೋಲ್ಡರ್.

ಒಳಗೆ ಒಂದಿಷ್ಟು ಸ್ಕ್ಯಾನ್ ಮಾಡಿದ ಫೋಟೋಗಳು, 23 ಬರಹದ ಫೈಲುಗಳು. ಒಂದು ಸಂಘದ ಸ್ಮರಣ ಸಂಚಿಕೆಗೆಂದು ಮಾವ ಕೂಡಿಸಿದ್ದ ಲೇಖನಗಳು ಅವು ಎಂದು ಅಮ್ಮ ಹೇಳಿದರು. ಜಾಹೀರಾತಿನ ಹಣ ಹೊಂದಲಿಲ್ಲ, ಸಂಚಿಕೆ ಅಚ್ಚಾಗಲೇ ಇಲ್ಲ. ಫೋರ್ಟಿನ ಹೋಟೆಲಿನಲ್ಲಿ ಹಗಲು ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು, ಹಡಗಿನಲ್ಲಿ ಊರು ಬಿಟ್ಟು ಬಂದವರು, ಹೀಗೆ ನಮ್ಮ ಮೊದಲ ತಲೆಮಾರಿನ ಮಂದಿ ಕೈಯಾರೆ ಬರೆದು ಕೊಟ್ಟ ನೆನಪುಗಳು. ಒಂದು ಫೈಲಿನ ಹೆಸರು 'ಅಜ್ಜ'. ಅದು ನನ್ನ ಅಜ್ಜನದು. ಕೈಬರಹದ ಪ್ರತಿ ಯಾರ ಹತ್ತಿರವೂ ಇಲ್ಲ.

ಖುಷಿಯಿಂದ ಒತ್ತಿದೆ. ತೆರೆಯಿತು. ಒಂದಕ್ಷರ ಕನ್ನಡ ಇಲ್ಲ! ತಲೆಯ ಮೇಲೆ ಟೋಪಿ, ಚುಕ್ಕೆ, ಬಾಲ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಎದುರಿಗೇ ಇದೆ, ಆದರೆ ಕಾಣುವುದಿಲ್ಲ.

ಯಾರೂ ಅಡಗಿಸದೆ ಅಡಗಿದ್ದು

ಹೀಗೇಕಾಯಿತು? ಆ ಕಾಲದ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಇದ್ದದ್ದು 256 ಮನೆ ಮಾತ್ರ. ಅರ್ಧದಷ್ಟು ಇಂಗ್ಲಿಷಿಗೆ, ಉಳಿದವು ಯುರೋಪಿನ ಭಾಷೆಗಳಿಗೆ. ಕನ್ನಡದ ಫಾಂಟು ಮಾಡುವವರು ಆ ಮನೆಗಳಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ತುಂಡಾಗಿ ಕೂರಿಸಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಬಾಲವಿರುವ ಇಂಗ್ಲಿಷ್ ಅಕ್ಷರವೇ, ಫಾಂಟಿನ ಅಂಗಿ ತೊಟ್ಟಾಗ ಮಾತ್ರ ಕನ್ನಡ. ಒಬ್ಬೊಬ್ಬರು ಕೂರಿಸಿದ ಕ್ರಮ ಒಂದೊಂದು ತರಹ. ಅಂಗಿ ಕಳೆದುಹೋದರೆ ಬರಹವೂ ಕಳೆದಂತೆ.

ಇದು ಯಾರ ತಪ್ಪೂ ಅಲ್ಲ. ಆಗ ಇದ್ದ ಜಾಗದಲ್ಲಿ ಕನ್ನಡವನ್ನು ನಿಲ್ಲಿಸಿದ್ದೇ ಸಾಹಸ. ಈ ಸಾಹಸದಲ್ಲಿ ಮುಂಬೈಗೂ ಪಾಲಿದೆ. ಭಾರತದಲ್ಲೇ ಕಟ್ಟಿದ ಮೊದಮೊದಲ ಕಂಪ್ಯೂಟರುಗಳಲ್ಲಿ ಒಂದಾದ ಟಿಫ್ರ್ಯಾಕ್ 1960ರಲ್ಲಿ ಕೆಲಸಕ್ಕೆ ನಿಂತದ್ದು ನಮ್ಮ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ಅದೇ ಸಂಸ್ಥೆಯಲ್ಲಿ ದುಡಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಕೀಲಿಮಣೆಯಲ್ಲೇ ಹೊಡೆಯುವ ಸುಲಭ ವಿನ್ಯಾಸ ಕೊಟ್ಟವರು ಅವರು. 'ನುಡಿ'ಯಲ್ಲಿ ನಾವು ಕಲಿತ ಕೀಲಿಮಣೆಯ ಬೇರು ಅಲ್ಲಿದೆ. ಪುಣೆಯ ಸಿ-ಡ್ಯಾಕ್ ಡಾಸ್ ಯಂತ್ರಗಳಲ್ಲೇ ಭಾರತೀಯ ಲಿಪಿ ಮೂಡಿಸುವ 'ಜಿಸ್ಟ್' ಕಾರ್ಡನ್ನು ತಂದಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಆದರೂ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರಲ್ಲಿ ಓದಲು ಬಾರದ ಕಷ್ಟ ಬಹಳ ಕಾಲ ನಡೆಯಿತು.

ಪುಣ್ಯಕ್ಕೆ ಮಾವ ಬಳಸಿದ ಫಾಂಟು ಅದೇ ಡಿಸ್ಕಿನಲ್ಲಿ ವಿಂಡೋಸಿನ ಫೋಲ್ಡರಿನೊಳಗೆ ಉಳಿದಿತ್ತು. ಅದನ್ನು ಹಾಕಿದಾಗ ಕನ್ನಡ ಮೂಡಿತು. ಪೂರ್ತಿ ಅಲ್ಲ. ಹೊಸ ಯಂತ್ರಕ್ಕೆ ಹಿಡಿಸದ ಕೆಲವು ಮನೆಗಳಲ್ಲಿದ್ದ ಒತ್ತುಗಳು ಬಿದ್ದುಹೋಗಿದ್ದವು. 'ಅಪ್ಪ' ಎಂಬುದು 'ಅಪ', 'ಮಕ್ಕಳು' ಎಂಬುದು 'ಮಕಳು'. ನಾಲ್ಕು ತಿಂಗಳು ರಾತ್ರಿ ಕೂತು, ಊಹಿಸಿ ಊಹಿಸಿ ಯೂನಿಕೋಡಿನಲ್ಲಿ ಟೈಪ್ ಮಾಡಿದೆ. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಬರಹಗಳು ಓದಲು ಬಂದವು. ನಾಲ್ಕು ಫೈಲುಗಳು ಡಿಸ್ಕಿನ ಕೆಟ್ಟ ಭಾಗದಲ್ಲಿದ್ದವು, ಕೈಗೆ ಹತ್ತಲಿಲ್ಲ.

ಅಜ್ಜನ ಬರಹದ ಒಂದು ಸಾಲಿನಲ್ಲಿ ಮಾತ್ರ ನಿಂತುಬಿಟ್ಟೆ. ಪರದೆಯ ಮೇಲೆ ಕಂಡದ್ದು ಹೀಗೆ: "ನಾನು ಹಳಿ ಬಿಟವನು." 'ಬಿಟವನು' ಎಂದರೆ 'ಬಿಟ್ಟವನು', ಅದರಲ್ಲಿ ಸಂಶಯ ಇಲ್ಲ. ಆದರೆ 'ಹಳಿ'? ಅದು ಒತ್ತು ಬಿದ್ದುಹೋದ 'ಹಳ್ಳಿ'ಯೋ, ನಿಜವಾಗಿಯೂ ರೈಲಿನ 'ಹಳಿ'ಯೋ? ಊರು ಬಿಟ್ಟೆ ಎಂದರೋ, ಬದುಕಿನ ಹಳಿ ತಪ್ಪಿತು ಎಂದರೋ? ಅಮ್ಮನನ್ನು ಕೇಳಿದೆ. "ಹಳ್ಳಿ ಅಂತಲೇ ಇರಬೇಕು. ಅಪ್ಪಯ್ಯ ಹಳಿ ತಪ್ಪಿದವರಲ್ಲ ಮಾರಾಯ್ತಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮೊದಲ ಎರಡು ವರ್ಷ ಎಂತ ಮಾಡ್ತಿದ್ದರು ಅಂತ ಅವರು ಯಾವತ್ತೂ ಹೇಳಲಿಲ್ಲ" ಎಂದೂ ಸೇರಿಸಿದರು. ನಾನು 'ಹಳ್ಳಿ' ಎಂದೇ ಟೈಪ್ ಮಾಡಿ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇಟ್ಟಿದ್ದೇನೆ. ಅದನ್ನು ತೆಗೆಯಬಲ್ಲವರು ಈಗ ಯಾರೂ ಇಲ್ಲ.

ನೋಡಿ, ಮಾವ ಬೇಕೆಂದೇ ಅಡಗಿಸಿದ್ದು ಒಂದು ಸಾಲಿನ ಆಜ್ಞೆಗೆ ಹೊರಗೆ ಬಂತು. ಯಾರೂ ಅಡಗಿಸದೆ ಅಡಗಿದ ಒಂದು ಒತ್ತು ಮಾತ್ರ ಬರಲೇ ಇಲ್ಲ.

ಮರೆಯಲ್ಲಿ ಬಂದ ಕನ್ನಡ

ಈ ಕಥೆಗೆ ಒಂದು ಸಂತೋಷದ ತಿರುವೂ ಇದೆ. ಅದಕ್ಕೆ ಕಾರಣವೂ ಆ ಹಳೆಯ ಅಡಗಿಸುವ ಗುರುತೇ!

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಅದರಲ್ಲಿ ಕನ್ನಡಕ್ಕೆ ತನ್ನದೇ ಮನೆಗಳು ಸಿಕ್ಕಿದವು. ಇನ್ನು ಬಾಡಿಗೆ ಮನೆಯಲ್ಲಿ ಅಂಗಿ ಬದಲಿಸಿಕೊಂಡು ಇರಬೇಕಾಗಿಲ್ಲ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಂತು. ಎಂಟಕ್ಷರದ ಕಟ್ಟು ಬಿಚ್ಚಿ ಉದ್ದ ಹೆಸರುಗಳನ್ನು ಕೊಡಬೇಕಿತ್ತು, ಆದರೆ ಹಳೆಯ ಡಾಸ್ ಪ್ರೋಗ್ರಾಮುಗಳು ಗಲಿಬಿಲಿಯಾಗಬಾರದು. ಅದಕ್ಕೆ ಎಂಜಿನಿಯರರು ಹೂಡಿದ ಉಪಾಯ ಹೀಗಿದೆ. ಹಾಜರಿ ಪುಸ್ತಕದಲ್ಲಿ ಹೆಚ್ಚುವರಿ ಸಾಲುಗಳನ್ನು ಸೇರಿಸಿ ಉದ್ದ ಹೆಸರನ್ನು ಅಲ್ಲಿ ಬರೆದರು. ಆ ಸಾಲುಗಳಿಗೆ 1, 2, 4, 8 ನಾಲ್ಕೂ ಗುರುತು ಸೇರಿಸಿ 15 ಎಂದು ಹಾಕಿದರು. ಯಾವ ಮಾಮೂಲು ಫೈಲಿಗೂ ಆ ನಾಲ್ಕೂ ಒಟ್ಟಿಗೆ ಇರುವುದಿಲ್ಲ. ಹಾಗಾಗಿ ಹಳೆಯ ಪ್ರೋಗ್ರಾಮುಗಳು ಅವನ್ನು ನೋಡದ ಹಾಗೆ ದಾಟಿ ಹೋದವು. ಒಂದು ಸಾಲಿಗೆ 13 ಅಕ್ಷರ. ಮುಖ್ಯವಾದ ಸಂಗತಿ, ಅವೆಲ್ಲ ಯೂನಿಕೋಡ್ ಅಕ್ಷರಗಳು.

2001ರಲ್ಲಿ ವಿಂಡೋಸ್ ಎಕ್ಸ್.ಪಿ. 'ತುಂಗಾ' ಎಂಬ ಕನ್ನಡ ಫಾಂಟಿನೊಂದಿಗೆ ಬಂದಾಗ ಈ ಸಾಲುಗಳು ನಮಗೂ ಒದಗಿದವು. ಫ್ಯಾಟ್ 32 ಪದ್ಧತಿಯ ಪೆನ್ ಡ್ರೈವಿನಲ್ಲಿ 'ಗೋರೆಗಾಂವ್' ಎಂದು ಕನ್ನಡದಲ್ಲೇ ಫೋಲ್ಡರಿಗೆ ಹೆಸರಿಡಿ. ಗ, ಓತ್ವ, ರ, ಎತ್ವ, ಗ, ದೀರ್ಘ, ಸೊನ್ನೆ, ವ, ಅದರ ಅರ್ಧಾಕ್ಷರದ ಗುರುತು, ಒಟ್ಟು ಒಂಬತ್ತು ಸಂಕೇತ. ಒಂದೇ ಸಾಲಿನಲ್ಲಿ ಹಿಡಿಯುತ್ತದೆ. ಆ ಸಾಲಿನ ಮೇಲೆ 'ಅಡಗಿದ್ದು' ಎಂಬ ಗುರುತೂ ಇದೆ! 1981ರಲ್ಲಿ ಎರಡು ಫೈಲುಗಳನ್ನು ಕಾಪಾಡಲು ಇಟ್ಟ ಮರೆಯ ಹಿಂದೆಯೇ ನಮ್ಮ ಕನ್ನಡದ ಹೆಸರು ಕೂತಿದೆ.

ಕೊನೆಯಲ್ಲಿ ಒಂದು ಕೋರಿಕೆ

ಮುಂಬೈಯ ಕನ್ನಡ ಸಂಘಗಳು, ಯಕ್ಷಗಾನ ಮಂಡಳಿಗಳು, ರಾತ್ರಿ ಶಾಲೆಗಳು, ಸಣ್ಣ ಪತ್ರಿಕೆಗಳು 1990ರ ದಶಕದಿಂದ ಕಂಪ್ಯೂಟರಿನಲ್ಲಿ ಅಚ್ಚು ಮಾಡಿಸುತ್ತಾ ಬಂದಿವೆ. ಆ ಬರಹಗಳಲ್ಲಿ ಎಷ್ಟೋ ಇನ್ನೂ ಯಾರದೋ ಮಾಳಿಗೆಯ ಡಿಸ್ಕಿನಲ್ಲಿ, ಫ್ಲಾಪಿಯಲ್ಲಿ ಇರಬಹುದು. ಹಳೆಯ ಯಂತ್ರವನ್ನು ಭಂಗಾರಕ್ಕೆ ಹಾಕುವ ಮೊದಲು ದಯವಿಟ್ಟು ನಾಲ್ಕು ಕೆಲಸ ಮಾಡಿ. ಮೊದಲನೆಯದು, ಹಳೆಯ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ, ಪೂರ್ತಿ ಪ್ರತಿ ತೆಗೆದು ಆ ಪ್ರತಿಯಲ್ಲಿ ಕೆಲಸ ಮಾಡಿ. ಎರಡನೆಯದು, 'ಡಿರ್ ಸ್ಲ್ಯಾಶ್ ಎ ಎಚ್' ಎಂದು ಅಡಗಿದ್ದನ್ನೂ ನೋಡಿ. ಮೂರನೆಯದು, ಬರಹದ ಜೊತೆಗೆ ಅದರ ಫಾಂಟನ್ನೂ ಎತ್ತಿಡಿ, ಅಂಗಿ ಇಲ್ಲದೆ ಬರಹ ಸಿಕ್ಕರೆ ಉಪಯೋಗ ಕಡಿಮೆ. ನಾಲ್ಕನೆಯದು, ಬರೆದವರು ಅಥವಾ ಅವರನ್ನು ಬಲ್ಲವರು ಇರುವಾಗಲೇ ಯೂನಿಕೋಡಿಗೆ ಇಳಿಸಿ, ಅವರಿಗೆ ಓದಿ ಹೇಳಿ. ನನ್ನ ಅಜ್ಜನ ಆ ಪ್ರಶ್ನೆ ಚಿಹ್ನೆಯನ್ನು ಮಾವ ಒಂದು ನಿಮಿಷದಲ್ಲಿ ತೆಗೆಯುತ್ತಿದ್ದರು. ಟೈಪ್ ಮಾಡಿದವರು ಅವರೇ. ನಾನು ಡಿಸ್ಕ್ ತೆರೆದದ್ದು ಅವರು ಹೋದ ಮೇಲೆ.

ಆ ಹತ್ತೊಂಬತ್ತು ಬರಹಗಳಲ್ಲಿ ಕೆಲವನ್ನು, ಬರೆದವರ ಮನೆಯವರ ಒಪ್ಪಿಗೆ ಪಡೆದು, ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಬೇಕೆಂದಿದ್ದೇನೆ. ಅಜ್ಜನದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆ ಸಾಲು ಬಂದಾಗ 'ಹಳ್ಳಿ' ಎಂದು ಓದಲೋ 'ಹಳಿ' ಎಂದು ಓದಲೋ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಏನಾದರೂ ಸಿಕ್ಕರೆ ನಮಗೆ ಬರೆದು ತಿಳಿಸಿ.